ಹಳೇಗಣ್ಣಿನ ಅಭಿಪ್ರಾಯ

ಚಿತ್ರದಲ್ಲಿ ಮುಖವಿರಲಿಲ್ಲ. ಇದ್ದದ್ದು ಒಂದು ಮೊಣಕೈ, ಅದರ ಮೇಲೊಂದಿಷ್ಟು ತೋಳು, ಪಕ್ಕದಲ್ಲಿ ಜೋಡಿ ಮಚ್ಚೆ. ರಿಪೇರಿಯವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಮೇಜಿನ ಮೇಲೆ ಬಿತ್ತು. ಆ ಜೋಡಿ ಮಚ್ಚೆ ಅವನ ಹೆಂಡತಿಯದು.

ಚಿತ್ರ ಬಂದದ್ದು ಒಂದು ಆನ್‌ಲೈನ್ ಗುಂಪಿನಲ್ಲಿ; ಅಗ್ಗದ, ಹಳೆಯ ಲೆನ್ಸು, ಕ್ಯಾಮೆರಾ ಬಾಡಿಗಳನ್ನು ಬಳಸಿದವರು ತಮ್ಮ ಅಭಿಪ್ರಾಯ ಬರೆಯುವ ಗುಂಪು ಅದು. ಕ್ಯಾಮೆರಾ ರಿಪೇರಿ ಮಾಡುವವನಿಗೆ ಅದೇ ದಿನಪತ್ರಿಕೆ. ಯಾವ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಯಾವ ಬಾಡಿಯ ಶಟರ್ ಕೈಕೊಡುತ್ತದೆ ಎಂದು ಜನ ಅಲ್ಲಿ ಗಂಟೆಗಟ್ಟಲೆ ಜಗಳವಾಡುತ್ತಾರೆ. ಅವರಲ್ಲಿ 'ಹಳೇಗಣ್ಣು' ಎಂಬ ಅಡ್ಡಹೆಸರಿನವನ ಮಾತಿಗೆ ಬೆಲೆಯಿತ್ತು. ಈ ಸಲ ಚಿತ್ರದ ಜೊತೆ ಅವನು ಬರೆದದ್ದು ಇಷ್ಟೇ: "ಬೆಲೆ ಕಡಿಮೆ, ಗಾಜು ಗಟ್ಟಿ. ಚರ್ಮದ ಬಣ್ಣ ಇದ್ದದ್ದು ಇದ್ದ ಹಾಗೆ ಬರುತ್ತದೆ. ಈ ಲೆನ್ಸು ಏನನ್ನೂ ಮುಚ್ಚಿಡುವುದಿಲ್ಲ."

ರಿಪೇರಿಯವನು ಹಳೇಗಣ್ಣಿನ ಹಿಂದಿನ ಅಭಿಪ್ರಾಯಗಳನ್ನೆಲ್ಲ ತೆರೆದ. ಒಂದರಲ್ಲಿ ಹೆಗಲು, ಇನ್ನೊಂದರಲ್ಲಿ ಕತ್ತಿನ ಹಿಂಭಾಗ, ಮತ್ತೊಂದರಲ್ಲಿ ಮುಂಗೈ. ಎಲ್ಲವೂ ಅವಳದೇ. ಒಂದು ಚಿತ್ರದ ಕೆಳಗೆ ತಾನೇ ಮಾತಾಡಿದ್ದನ್ನು ಕಂಡಾಗಲಂತೂ ತಲೆ ಚಚ್ಚಿಕೊಳ್ಳುವಂತಾಯಿತು. ಹೆಂಡತಿಯೆಂದು ತಿಳಿಯದೆ, ಲೆನ್ಸಿನ ಮೇಲಷ್ಟೇ ಕಣ್ಣಿಟ್ಟು, "ಹಳೇ ಗಾಜು ಹಳದಿಯಾಗಿದೆ. ಬಿಸಿಲಿಗಿಟ್ಟರೆ ಸರಿಹೋಗುತ್ತೆ" ಎಂದು ಬುದ್ಧಿ ಹೇಳಿದ್ದ. ಹಳೇಗಣ್ಣು ಉತ್ತರಿಸಿದ್ದ: "ವಾರದಲ್ಲಿ ತಾನಾಗೇ ಸರಿಹೋಗುತ್ತೆ. ಆಮೇಲೆ ಮತ್ತೆ ಬರುತ್ತೆ."

ಇನ್ನೊಂದು ಸಂಗತಿಯೂ ಹೊಳೆಯಿತು. ಆ ಲೆನ್ಸುಗಳೆಲ್ಲ ಅವನ ಅಂಗಡಿಗೆ ರಿಪೇರಿಗೆ ಬಂದವೇ. ಅಂದರೆ ಆ ಕಳ್ಳ ತನ್ನ ಗಿರಾಕಿಗಳಲ್ಲೇ ಒಬ್ಬ. ಹಳದಿ ಎಂದಿದ್ದ ಲೆನ್ಸು ಇನ್ನೂ ಕಪಾಟಿನಲ್ಲಿತ್ತು. ದೀಪಕ್ಕೆ ಹಿಡಿದು ನೋಡಿದ. ಗಾಜು ಕೊಳದ ನೀರಿನಷ್ಟು ತಿಳಿಯಾಗಿತ್ತು. ಯಾವುದೋ ಹಾಳು ಬಲ್ಬಿನ ಬೆಳಕಿನಲ್ಲಿ ತೆಗೆದಿರಬೇಕು, ಎಲ್ಲಿಯ ಕೋಣೆಯೋ ಏನೋ ಎಂದುಕೊಂಡು ಹಲ್ಲು ಕಡಿದ.

ಅಂಗಡಿ ಕೆಳಗೆ, ಮನೆ ಮೇಲೆ. ಊಟಕ್ಕೆ ಹತ್ತಿ ಹೋದಾಗ ಹೆಂಡತಿ ತಟ್ಟೆ ಇಡುತ್ತಿದ್ದಳು. ಈ ಸುಡುವ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿ. ಮನೆಯಲ್ಲಿ ಮುಚ್ಚಿಕೊಂಡು ಊರಿಗೆಲ್ಲ ತೋರಿಸುತ್ತಾಳಲ್ಲ, ಎಂದು ಅವನಿಗೆ ಮೈಯೆಲ್ಲ ಉರಿಯಿತು. ಅವನು ನೀರಿನ ಲೋಟಕ್ಕೆ ಕೈ ಚಾಚಿದರೂ ಸಾಕು, ಅವಳು ಬೆಚ್ಚಿ ಹಿಂದೆ ಸರಿಯುತ್ತಿದ್ದಳು. ಎದೆಯಲ್ಲಿ ಗುಟ್ಟು ಇಟ್ಟುಕೊಂಡವರ ಲಕ್ಷಣ.

"ಯಾರವನು?"

"ಯಾರು?"

"ನಿನ್ನ ಫೋಟೊ ತೆಗಿಯೋನು."

ಅವಳ ಮುಖ ಬಿಳಿಚಿಕೊಂಡಿತು. "ಯಾರೂ ಇಲ್ಲ" ಎಂದಳು.

ಮಾತಿಗೆ ಮಾತು ಬೆಳೆಯಿತು. ರಿಪೇರಿಯವನು ಮುಂಗೋಪಿ, ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಬಂದಷ್ಟೇ ಬೇಗ ಇಳಿಯುವ ಕೋಪ. ಕೂದಲೆಳೆಯಂಥ ಸ್ಕ್ರೂ ತಿರುಗಿಸುವ ಅವನ ಕೈ ಬಲು ಹಗುರ ಎಂದು ಗಿರಾಕಿಗಳು ಹೊಗಳುವುದೂ ಸುಳ್ಳಲ್ಲ. ಅವಳು ಕೊನೆಗೂ ಬಾಯಿ ಬಿಡಲಿಲ್ಲ. ಮರುದಿನ ಅವನೇ ಸೋತು ಅವಳಿಗಿಷ್ಟವಾದ ಐಸ್‌ಕ್ರೀಮ್ ತಂದ. ಅದು ತಟ್ಟೆಯಲ್ಲೇ ಕರಗಿತು. ಇಷ್ಟು ವರ್ಷದ ಸಂಸಾರ ಕೈತಪ್ಪಿ ಹೋಗುತ್ತಿದೆ ಎಂಬ ಭಯಕ್ಕೆ ಅವನ ಕಣ್ಣು ತುಂಬಿಬಂತು.

ದುಃಖ ತೋಡಿಕೊಳ್ಳಲು ಇದ್ದವಳು ತಾಯಿ ಒಬ್ಬಳೇ. ಅಪ್ಪ ಕಟ್ಟಿದ ಅಂಗಡಿಯ ಗಲ್ಲಾದಲ್ಲಿ ಕೂತು ಗಿರಾಕಿಗಳ ಕ್ಯಾಮೆರಾ ತೆಗೆದುಕೊಳ್ಳುವವಳು ಅವಳೇ. ಲೆನ್ಸುಗಳ ಬೆನ್ನು ಒರೆಸುತ್ತ ಮಗನ ಮಾತು ಕೇಳಿದಳು.

"ಅಮ್ಮ, ನಾನಿಲ್ಲದಾಗ ನಿನ್ನ ಸೊಸೆ ಮೇಲೆ ಒಂದು ಕಣ್ಣಿಟ್ಟಿರು."

"ಇಟ್ಟೇ ಇದ್ದೀನಪ್ಪಾ" ಎಂದಳು ತಾಯಿ.

ಮಾರನೆಯ ದಿನ ಬಿಡಿಭಾಗ ತರಲು ಪೇಟೆಗೆ ಹೊರಟವನು ಬೀದಿಯ ತಿರುವಿನಿಂದಲೇ ಹಿಂದಿರುಗಿದ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಗಲ್ಲಾ ಖಾಲಿ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಒಳಗಿನಿಂದ ಕ್ಯಾಮೆರಾದ ಶಟರ್ ಬಿದ್ದ ಸದ್ದು ಕೇಳಿಸಿತು. ಈಗ ಸಿಕ್ಕಿಬಿದ್ದ ಎಂದು ಮುಷ್ಟಿ ಬಿಗಿದು, ಬಾಗಿಲನ್ನು ಹೆಗಲಿನಿಂದ ನೂಕಿ ಒಳಗೆ ನುಗ್ಗಿದ.

ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು. ಅಂಗಿ ಹೆಗಲಿನಿಂದ ಜಾರಿತ್ತು. ಟ್ರೈಪಾಡಿನ ಹಿಂದೆ ಕ್ಯಾಮೆರಾಗೆ ಕಣ್ಣಿಟ್ಟು ನಿಂತಿದ್ದವಳು ಅವನ ತಾಯಿ.

ಬಿಗಿದ ಮುಷ್ಟಿ ಸಡಿಲಾಯಿತು. ಎದೆಯ ಮೇಲಿನ ಬಂಡೆ ಇಳಿದಂತಾಗಿ ಅವನಿಗೆ ನಗುವೇ ಬಂತು. "ಅಯ್ಯೋ ಅಮ್ಮ, ಹಳೇಗಣ್ಣು ನೀನಾ? ನಾನು ಏನೇನೋ ಅಂದ್ಕೊಂಡು ಸತ್ತೇ ಹೋಗಿದ್ದೆ! ಇದಕ್ಕೆ ಇಷ್ಟು ಕದ್ದುಮುಚ್ಚಿ ಯಾಕೆ?"

ತಾಯಿ ನಗಲಿಲ್ಲ. ಸೊಸೆ ಎದ್ದು ಅಂಗಿ ಸರಿಪಡಿಸಿಕೊಂಡು ಅತ್ತೆಯ ಬೆನ್ನ ಹಿಂದೆ ನಿಂತಳು.

"ಫೋನಲ್ಲಿಟ್ರೆ ನೀನು ಅಳಿಸಿಹಾಕ್ತೀಯ" ಎಂದಳು ತಾಯಿ. "ಅಲ್ಲಿ ಹಾಕಿದ್ರೆ ತಾರೀಖಿನ ಸಮೇತ ಉಳಿಯುತ್ತೆ. ನಾಲ್ಕು ಜನ ನೋಡಿರ್ತಾರೆ."

"ನಾನ್ಯಾಕಮ್ಮ ಅಳಿಸ್ಲಿ?"

"ನಿಮ್ಮಪ್ಪನ ಕಾಲದಲ್ಲೂ ಮನೆ ತುಂಬ ಕ್ಯಾಮೆರಾ ಇದ್ವು. ನನ್ನ ಬೆನ್ನಿನ ಫೋಟೊ ತೆಗಿಯೋರು ಮಾತ್ರ ಯಾರೂ ಇರ್ಲಿಲ್ಲ" ಎಂದು ಅವಳು ಕ್ಯಾಮೆರಾದ ಪರದೆಯನ್ನು ಮಗನ ಕಡೆ ತಿರುಗಿಸಿದಳು.

ಹೆಂಡತಿಯ ಬೆನ್ನಿನ ಮೇಲೆ, ನೇರಳೆ ಬಣ್ಣದಲ್ಲಿ, ಒಂದೊಂದನ್ನೂ ಎಣಿಸುವಷ್ಟು ಸ್ಪಷ್ಟವಾಗಿ ಅವನವೇ ಐದು ಬೆರಳುಗಳು ಮೂಡಿದ್ದವು.