ಭೀಮಶಿಯ ದುಭಾಷಿ

ವಸಂತ ಒಳಗೆ ಕಾಲಿಟ್ಟ ಮೇಲೆ ಪೇದೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ.

"ಇಲ್ಲಿಯ ಪದ್ಧತಿ, ಅಷ್ಟೆ," ಎಂದು ಗೋವಾದ ಇನ್‌ಸ್ಪೆಕ್ಟರ್ ಇಂಗ್ಲಿಷಿನಲ್ಲಿ ಹೇಳಿ ಕುರ್ಚಿ ತೋರಿಸಿದ.

ಪರ್ವರಿಯ ಆ ಸರಕಾರಿ ಕಟ್ಟಡದ ಮೂರನೇ ಮಹಡಿಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದೂ ತೆರೆಯುವಂಥದ್ದಲ್ಲ. ಮೇಜಿನಾಚೆ ಇಬ್ಬರು ವಿದೇಶಿ ಪೊಲೀಸರು: ನರೆಗೂದಲಿನ ಒಬ್ಬ ಹೆಂಗಸು, ರೆಕಾರ್ಡರ್ ಸರಿಪಡಿಸುತ್ತಿದ್ದ ಒಬ್ಬ ಗಂಡಸು. ಗೋಡೆಯ ಬದಿಯ ಸ್ಟೂಲಿನ ಮೇಲೆ, ಮಾಸಿದ ಅಂಗಿ ತೊಟ್ಟ ಹಮಾಲನೊಬ್ಬ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ವಿಷಯ ವಸಂತನಿಗೆ ಗೊತ್ತಿತ್ತು. 2010ರ ಫೆಬ್ರವರಿಯಲ್ಲಿ ವಾಸ್ಕೋದ ಖಾಸಗಿ ಗೋದಾಮಿನಿಂದ, ಅವನು ಗುಮಾಸ್ತನಾಗಿದ್ದ ಗೋದಾಮಿನಿಂದಲೇ, ಹೊರಟ ಗ್ರಾನೈಟ್ ಪೆಟ್ಟಿಗೆಯೊಂದು ಯುರೋಪಿನ ಬಂದರಿನಲ್ಲಿ ಸಿಡಿದಿತ್ತು. ಅಲ್ಲಿನ ಇಬ್ಬರು ಕೂಲಿಯವರು ಸತ್ತಿದ್ದರು. ಎರಡು ಸರಕಾರಗಳು ಮೂರು ತಿಂಗಳು ಪತ್ರ ಬರೆದುಕೊಂಡು, ಒಪ್ಪಿಗೆ ಪಡೆದು, ಈಗ ಒಂದೇ ಮೇಜಿಗೆ ಬಂದಿದ್ದವು.

"ಇವನಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ನಮಗೆ ಕನ್ನಡ ಬರುವುದಿಲ್ಲ," ಎಂದ ಇನ್‌ಸ್ಪೆಕ್ಟರ್. "ನೀವು ಧಾರವಾಡದವರು, ಗೋದಾಮಿನ ಕೆಲಸವೂ ತಿಳಿದವರು. ಇವನ ಪರಿಚಯ ಇದೆಯಲ್ಲ?"

ವಸಂತ ಸ್ಟೂಲಿನತ್ತ ನೋಡಿದ. ಭೀಮಶಿ. ಮೂರು ವರ್ಷ ವಾರವಾರವೂ ಆ ಹೆಸರಿನ ಗೇಟ್‌ಪಾಸಿಗೆ ತಲೆಯೆತ್ತದೆ ಸಹಿ ಹಾಕಿದ್ದ.

"ಇಲ್ಲದೆ ಏನು? ನಮ್ಮ ಭೀಮಶಿ. ದಿನಾ ನೋಡುವ ಮುಖ."

ಹೆಂಗಸು ಅದನ್ನು ಬರೆದುಕೊಂಡಳು. ಹೇಳಿದ್ದನ್ನು ಹೇಳಿದಂತೆಯೇ ಭಾಷಾಂತರಿಸುತ್ತೇನೆಂದು ವಸಂತನಿಂದ ಪ್ರಮಾಣ ಮಾಡಿಸಿದರು. ರೆಕಾರ್ಡರಿನ ಕೆಂಪು ದೀಪ ಹೊತ್ತಿತು.

"ಭೀಮಶಿ, ಫೆಬ್ರವರಿ ಒಂಬತ್ತಕ್ಕ ನಿನ್ನ ಪಾಸ್ ತೋರಿಸಿ ಬ್ಯಾರೆ ಯಾರೋ ಒಳಗ ಹೋಗ್ಯಾರ. ಅದು ಹೆಂಗಾತು ಅಂತ ಕೇಳಾಕತ್ತಾರ."

"ಅವತ್ತ ನನಗ ಜ್ವರ ಬಂದಿತ್ರಿ ಸಾಹೇಬ್ರ. ಖೋಲಿಯಾಗ ಮಲಗಿದ್ದೆ. ಪಾಸ್ ಆಫೀಸಿನಾಗs ಇತ್ತು. ಅಲ್ಲಿಯವರs ಯಾರೋ ತಗದು ಅವಗ ಕೊಟ್ಟಾರ. ಅಂವ ಯಾರಂತ ನನಗ ಗೊತ್ತಿಲ್ರಿ."

ವಸಂತ ಮೇಜಿನ ಅಂಚಿನತ್ತ ಕಣ್ಣು ತಗ್ಗಿಸಿದ.

ಪಾಸ್ ತೆಗೆದುಕೊಟ್ಟದ್ದು ಅವನೇ. ಮೋತಿಲಾಲ ಎಂಬ ದಲ್ಲಾಳಿ ಬಂದು, ನಮ್ಮವನೊಬ್ಬ ಒಳಗೆ ಹೋಗಿ ಪ್ಯಾಕಿಂಗ್ ನೋಡಿ ಬರಲಿ ಎಂದಿದ್ದ. ಹೆಂಡತಿಯ ತಮ್ಮ ಆಶಿಷನಿಗೆ ಮಸ್ಕತ್ತಿನಲ್ಲಿ ಕೆಲಸ ಕೊಡಿಸುವ ಮಾತೂ ಆಡಿದ್ದ. ಕೊಡಿಸಿಯೂ ಬಿಟ್ಟ. ಪೆಟ್ಟಿಗೆಯಲ್ಲಿ ಏನು ಸೇರಿತೆಂಬುದು ವಸಂತನಿಗೆ ದೇವರಾಣೆ ಗೊತ್ತಿರಲಿಲ್ಲ. ಆದರೆ ಅದನ್ನು ಈಗ ಯಾರು ನಂಬುತ್ತಾರೆ? ಟಿ.ವಿ.ಯಲ್ಲಿ ಆ ಹೊಗೆ ನೋಡಿದಂದಿನಿಂದ ಊಟದ ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ.

ಮೋತಿಲಾಲನ ಪತ್ತೆಯಿಲ್ಲ. ಉಳಿದದ್ದು ಈ ಹಮಾಲನ ಮಾತು. ಆ ಮಾತು ಮೇಜಿನಾಚೆ ತಲುಪಬೇಕಾದರೆ ವಸಂತನ ನಾಲಿಗೆಯನ್ನೇ ದಾಟಬೇಕು.

"ತನ್ನ ಪಾಸನ್ನು ತಾನೇ ಪರಿಚಯದವನೊಬ್ಬನಿಗೆ ಕೊಟ್ಟನಂತೆ," ಎಂದ ಇಂಗ್ಲಿಷಿನಲ್ಲಿ.

ಹಮಾಲ ಅವನ ಬಾಯನ್ನೇ ನೋಡುತ್ತಿದ್ದ. "ಎಲ್ಲಾ ಹೇಳಿದ್ರ್ಯಾ ಸಾಹೇಬ್ರ? ಮಾತು ಭಾಳ ಸಣ್ಣದಾತು."

"ಇಂಗ್ಲಿಷಿನ್ಯಾಗ ಅಷ್ಟs ಆಕ್ಕೈತಿ."

ಹೆಂಗಸು ಪೆನ್ನು ಕೆಳಗಿಟ್ಟಳು. "ಸತ್ತವರ ಬಗ್ಗೆ ಇವನಿಗೆ ಏನಾದರೂ ಹೇಳುವುದಿದೆಯೇ?"

ಹಮಾಲ ಥಟ್ಟನೆ ತಲೆಯೆತ್ತಿದ. ದನಿಗೆ ಬೆದರಿದನೆಂದುಕೊಂಡ ವಸಂತ, ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ.

"ಅವರೂ ನಮ್ಮಂಗ ಹೊರೆ ಹೊರವರು. ಅವರ ಮನ್ಯಾಗೂ ದಾರಿ ಕಾಯವರು ಇದ್ದಾರು," ಎಂದ ಹಮಾಲ ಮೆಲ್ಲಗೆ. "ತಪ್ಪು ಮಾಡಿದವರು ಈಗರ ಒಪ್ಪಿಕೊಂಡ್ರ ಚಲೋ ಆಕ್ಕಿತ್ತು. ನನ್ನ ಬಾಯಿ ಈಗ ನಿಮ್ಮ ಕೈಯಾಗೈತ್ರಿ ಸಾಹೇಬ್ರ. ನನಗ ಮೂರು ಮಕ್ಕಳದಾವ."

ಹೇಳಿಬಿಡಲೇ? ವಸಂತ ಬಾಯಿ ತೆರೆದ. ಚಿಲಕ ಹಾಕಿದ ಬಾಗಿಲು ಕಂಡಿತು. ಮಸ್ಕತ್ತಿನಿಂದ ಆಶಿಷ ಕಳಿಸಿದ ಫೋಟೊ, ಅದನ್ನು ಓಣಿಗೆಲ್ಲ ತೋರಿಸಿ ಬಂದ ಹೆಂಡತಿ ಮೃಣಾಲಿನಿಯ ಮುಖ ನೆನಪಾದವು.

"ತಪ್ಪಾಯಿತು ಅನ್ನುತ್ತಾನೆ," ಎಂದ. "ಮಕ್ಕಳಿಗಾಗಿ ಹೀಗೆ ಮಾಡಿದೆ, ಒಪ್ಪಿಕೊಳ್ಳುತ್ತೇನೆ ಅನ್ನುತ್ತಾನೆ."

ಹಮಾಲ ಕಣ್ಣು ಮುಚ್ಚಿಕೊಂಡ.

"ಕೊನೆಯ ಪ್ರಶ್ನೆ ನಿಮಗೆ," ಎಂದಳು ಹೆಂಗಸು, ವಸಂತನನ್ನೇ ನೋಡುತ್ತ. "ಆ ದಿನ ನೀವೂ ಕೆಲಸದಲ್ಲಿದ್ದಿರಿ. ನಿಮಗೆ ತಿಳಿದದ್ದು ಏನಾದರೂ ಇದ್ದರೆ ಹೇಳಬಹುದು. ಅವಸರವಿಲ್ಲ."

ಅವಳು ನಿಜವಾಗಿಯೂ ಕಾದಳು. ಇನ್‌ಸ್ಪೆಕ್ಟರೂ ಕಾದ. ವಸಂತನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಮಾಲನ ಮಾತಿಗಿಂತ ತನ್ನ ಮಾತಿಗೆ ಇಲ್ಲಿ ಹೆಚ್ಚು ತೂಕವೆಂದು ಅವನಿಗೆ ಅನಿಸಿತು. ಗಂಟು ಬಿಗಿಯಾಗಿ ಬೀಳಲಿ.

"ನಾನೇ ಕಣ್ಣಾರೆ ಕಂಡೆ. ಜ್ವರ ಅಂತ ಮಲಗಿರಲಿಲ್ಲ ಇವನು. ಒಂಬತ್ತನೇ ತಾರೀಖು ಗೇಟಿನ ಹತ್ತಿರ ನಿಂತು, ಆ ಮನುಷ್ಯನ ಕೈಗೆ ಪಾಸ್ ಕೊಟ್ಟ. ಇವನೇ. ಅನುಮಾನವೇ ಇಲ್ಲ."

"ಜ್ವರವೇ?" ಎಂದಳು ಹೆಂಗಸು. "ಜ್ವರದ ಮಾತು ನೀವು ನಮಗೆ ಹೇಳಲೇ ಇಲ್ಲವಲ್ಲ."

ವಸಂತನ ಕಿವಿ ಬಿಸಿಯಾದವು. "ಮರೆತೆ. ಸಣ್ಣ ಮಾತು."

ಹೇಳಿಕೆಯ ಹಾಳೆ ಮುಂದೆ ಬಂತು. ಓದಿ ಸಹಿ ಹಾಕಿದ. ಸಹಿ ಎಂದಿನಂತೆಯೇ ಮೂಡಿತು. ಹೆಂಗಸು ರೆಕಾರ್ಡರ್ ಆರಿಸಿ, ಹಮಾಲನತ್ತ ತಿರುಗಿ ತಲೆಬಾಗಿಸಿದಳು.

ಹಮಾಲ ಎದ್ದು ಬಂದು ಆ ಹಾಳೆಯನ್ನು ಕೈಗೆತ್ತಿಕೊಂಡು, ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದ: "ಭೀಮಶಿ ಹೋದ ವಾರವೇ ಊರಲ್ಲಿ ತನ್ನ ಹೇಳಿಕೆ ಕೊಟ್ಟಿದ್ದಾನೆ, ಮಿಸ್ಟರ್ ವಸಂತ, ನಾನು ಕರ್ನಾಟಕ ಪೊಲೀಸಿನ ಡಿವೈಎಸ್‌ಪಿ, ಗೋವಾಕ್ಕೆ ಮೊದಲ ಸಲ ಬಂದದ್ದು ಇವತ್ತು ಬೆಳಿಗ್ಗೆ."