ಗುಡ್ಡಕ್ಕೆ ಇಳಿದ ಮರಿ

ಚಳಿಗಾಲದ ಸಂಜೆಗಳಲ್ಲಿ ಬಾದಾಮಿಯ ಗುಡ್ಡಗಳ ಮೇಲೆ ಮುಗಿಲ ತಿಮಿಂಗಿಲಗಳು ಹಾದುಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನ್ನು ನೋಡಲು ಗುಡ್ಡ ಹತ್ತುವ ಬಳಗಕ್ಕೆ ನೀಲವ್ವನೇ ಹಿರಿಯಾಕೆ. ಅವಳದು ಒಂದೇ ಕಟ್ಟಳೆ: ಮೇಲೆ ಬಂದವರು ರಾಜಕೀಯ ಮಾತಾಡಬಾರದು.

ಅಂದು ಕಲ್ಮೇಶ ಮತ್ತು ದಸ್ತಗೀರ ಚುನಾವಣೆಯ ಮಾತು ತೆಗೆದು, ಕೊರಳಪಟ್ಟಿ ಹಿಡಿಯುವ ತನಕ ಹೋದರು.

"ಇಬ್ರೂ ಕೆಳಗ ಇಳೀರಿ. ಇನ್ನ ಈ ಬಳಗದಾಗ ನಿಮಗ ಜಾಗಾ ಇಲ್ಲ," ಎಂದಳು ನೀಲವ್ವ.

ಅವರು ಜಗಳಾಡುತ್ತಲೇ ಮೆಟ್ಟಿಲು ಇಳಿಯತೊಡಗಿದರು. ಅಷ್ಟರಲ್ಲಿ ಮುಗಿಲಲ್ಲಿ ಒಂದು ತಿಮಿಂಗಿಲ ಮರಿ ಹಾಕಿತು. ತೇಲಲು ಇನ್ನೂ ಬಾರದ ಮರಿ, ಎತ್ತಿನಗಾಡಿಯಷ್ಟು ದೊಡ್ಡದು, ಅರಳೆಯ ಹಾಗೆ ಮೆಲ್ಲಗೆ ಬಂಡೆಗಳತ್ತ ಇಳಿಯಿತು. ನೆಲ ಮುಟ್ಟಿದ ಮರಿ ಬದುಕುವುದಿಲ್ಲ.

"ಕಲ್ಮೇಶಾ, ದಸ್ತಗೀರಾ, ಓಡಿ ಬರ್ರಿ," ಎಂದು ನೀಲವ್ವ ಕೂಗಿದಳು.

ಇಬ್ಬರೂ ಓಡಿ ಬಂದು, ಎಲ್ಲರೊಂದಿಗೆ ಕೈಯೆತ್ತಿ ಅದರ ಹೊಟ್ಟೆಗೆ ಅಂಗೈ ಕೊಟ್ಟರು. ಒಳಗೆ ದೂರದ ಗುಡುಗಿನಂಥ ಎದೆಬಡಿತ. ಎಲ್ಲರೂ ಒಟ್ಟಿಗೆ ಅದನ್ನು ಮೇಲಕ್ಕೆ ಒತ್ತಿದರು. ಮರಿ ಒಮ್ಮೆ ನಡುಗಿ, ಕೈಗಳಿಂದ ಬಿಡಿಸಿಕೊಂಡು, ತಾಯಿಯ ಕಡೆಗೆ ಏರಿತು.

ಗುಡ್ಡ ಇಳಿಯುವಾಗ ಕಲ್ಮೇಶ, "ಆದ್ರೂ ನಿಮ್ಮ ಪಕ್ಷದವರು..." ಎಂದು ಶುರು ಮಾಡಿದ.

"ನಾಳೆ ಬೈಯಪ್ಪಾ," ಎಂದ ದಸ್ತಗೀರ ಮೆಲ್ಲಗೆ. "ಇವತ್ತ ಅಂಗೈ ಇನ್ನೂ ಬೆಚ್ಚಗೈತಿ."