ಮೋಡದ ಕೆಳಗಿನ ಜಾಗ

“ಆ ಬಿಳಿ ತೂತು ಮುಚ್ಚಿಬಿಡಿ ವೈಶಾಲಿ. ಸುತ್ತ ಇರೋ ಲೈನ್ಸ್ ಎಳೆದು ಜಾಯಿನ್ ಮಾಡಿದ್ರಾಯ್ತು,” ಲ್ಯಾಪ್‌ಟಾಪಿನ ಪರದೆಯೊಳಗಿಂದ ದಿವಾಕರ ಹೇಳಿದ. ಅವನು ಅವಳ ಮ್ಯಾನೇಜರು, ಬೆಂಗಳೂರಿನವನು. ಅವನ ಮನೆಯೂ ಅವಳ ಮನೆಯಂತೆ ಆಲ್ಮೆರೆಯಲ್ಲೇ, ಸಮುದ್ರ ಬತ್ತಿಸಿ ಕಟ್ಟಿದ ಆ ಪರದೇಶದ ಊರಿನಲ್ಲಿ, ಇಲ್ಲಿನವರು ಡೈಕ್ ಎನ್ನುವ ನೀರು ತಡೆಯುವ ಏರಿಯ ಪಕ್ಕದಲ್ಲಿ. ಲಾಕ್‌ಡೌನ್ ಆದಮೇಲೆ ಇಬ್ಬರೂ ಮುಖಾಮುಖಿಯಾಗಿರಲಿಲ್ಲ.

ತೂತು ಇದ್ದದ್ದು ನಕ್ಷೆಯಲ್ಲಿ. ನರಪಿಳ್ಳೆಯಿಲ್ಲದ ಜ್ವಾಲಾಮುಖಿ ಪ್ರದೇಶವೊಂದರ ಏರುತಗ್ಗುಗಳನ್ನು ವೈಶಾಲಿ ಒಂದು ವರ್ಷದಿಂದ ಊಟದ ಮೇಜಿಗೆ ಅಂಟಿಕೊಂಡು ಗೆರೆ ಗೆರೆಯಾಗಿ ಬಿಡಿಸಿದ್ದಳು. ಕೊರೊನಾ ಬಂದು ಸ್ಥಳಸಮೀಕ್ಷೆಗೆ ಯಾರೂ ಹೋಗಲಾಗಲಿಲ್ಲ. ಉಪಗ್ರಹದ ಚಿತ್ರಗಳಲ್ಲಿ ನೋಡೋಣವೆಂದರೆ ಒಂದು ಕಣಿವೆಯ ಮೇಲೆ ಯಾವಾಗಲೂ ಮೋಡ.

“ಮೋಡದ ಕೆಳಗೆ ಏನಿದೆಯೋ ನಾನು ನೋಡಿಲ್ಲ ಸರ್.”

“ಅಲ್ಲಿಗೆ ಯಾರ್ರೀ ಹೋಗಿ ಚೆಕ್ ಮಾಡ್ತಾರೆ?”

“ಯಾರೂ ಹೋಗಂಗಿಲ್ಲಂದ್ರ ನಕ್ಷೆ ಯಾರ ಸಲುವಾಗಿ ಮಾಡಾಕತ್ತೀವ್ರಿ?” ಸಿಟ್ಟು ಬಂದರೆ ಅವಳ ಮಾತು ಸೀದಾ ಧಾರವಾಡಕ್ಕೆ ಹೋಗಿಬಿಡುತ್ತಿತ್ತು.

ಮೇಜಿನ ಇನ್ನೊಂದು ತುದಿಯಲ್ಲಿ ತನ್ನ ಆಫೀಸು ಹರಡಿಕೊಂಡಿದ್ದ ಗಂಡ ಶಶಿಕಾಂತ, ‘ಹೂಂ ಅನ್ನು’ ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳ ಕೆಲಸ ಉಳಿದರಷ್ಟೇ ಇಬ್ಬರಿಗೂ ಈ ದೇಶದ ಪರ್ಮಿಟ್. ಆ ಕೆಲಸದ ಕರಾರು ಶುಕ್ರವಾರಕ್ಕೆ ಮುಗಿಯುತ್ತಿತ್ತು, ಮುಂದುವರಿಸಬೇಕಾದವನು ದಿವಾಕರನೇ. ವೈಶಾಲಿಗೆ ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು.

“ನಿಮ್ಮ ರಿನ್ಯೂವಲ್ ಪೇಪರ್ ನನ್ನ ಮುಂದೇನೇ ಇದೆ,” ದಿವಾಕರ ದನಿ ತಗ್ಗಿಸಿದ. “ಒಂದು ಅಂದಾಜಿಗೆ ಹಾಕಿಬಿಡಿ, ಮುಗೀತು.”

“ಸರ್, ನಿಮ್ಮ ಕಿಡಕಿಯೊಳಗಿಂದ ಏನ್ ಕಾಣತೈತ್ರಿ?”

“ಏನು... ಡೈಕ್ ಕಾಣುತ್ತೆ. ಯಾಕೆ?”

“ನಾವು ಕುಂತಿದ್ದು ಸಮುದ್ರಮಟ್ಟಕ್ಕಿಂತ ಮೂರು ಮೀಟರ್ ಕೆಳಗ್ರಿ. ಆ ಡೈಕಿನ ಎತ್ತರಾನೂ ಯಾರರ ಒಂದು ಅಂದಾಜಿಗೆ ಹಾಕಿದ್ರ?”

ದಿವಾಕರನ ಕುತ್ತಿಗೆ ಕಿಟಕಿಯ ಕಡೆ ತಿರುಗಿತು.

ವೈಶಾಲಿ ಅವನ ಹೂಂ, ಉಹೂಂ ಯಾವುದಕ್ಕೂ ಕಾಯಲಿಲ್ಲ. ಬಿಳಿ ಜಾಗದ ನಡುವೆ ‘ಇಲ್ಲಿ ಮೋಡವಿತ್ತು, ನೋಡಿಲ್ಲ’ ಎಂದು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ, ಶಶಿಕಾಂತ ಕುರ್ಚಿಯಿಂದ ಏಳುವಷ್ಟರಲ್ಲಿ ಕಳಿಸಿಯೇಬಿಟ್ಟಳು.

ಅಷ್ಟು ದೊಡ್ಡ ನಕ್ಷೆಯಲ್ಲಿ ಅವಳು ಹೆಸರು ಹಾಕಿದ ಜಾಗ ಅದೊಂದೇ.